ಹಸಿರು ಕಾರಿನೊಳಗಿನ ಹಳದಿ ಏಳು

2023ರ ಏಪ್ರಿಲ್. ಸಿಡ್ನಿಯ ಒಂದು ವಿಮಾ ಕಂಪನಿಯಲ್ಲಿ ಮೋಟಾರ್ ಅಸೆಸರ್ ಆಗಿ ಇಪ್ಪತ್ತೆರಡು ವರ್ಷ ದುಡಿದು ನಾನು ನಿವೃತ್ತನಾಗಿ ಆಗ ಒಂದು ವರ್ಷವಾಗಿತ್ತು. ಅಸೆಸರ್ ಎಂದರೆ ಅಪಘಾತವಾದ ಗಾಡಿಯನ್ನು ನೋಡಿ, ಅಳೆದು, ಅದು ರಿಪೇರಿಗೆ ಲಾಯಕ್ಕೋ ಅಲ್ಲವೋ ಎಂದು ಬರೆದುಕೊಡುವವನು. ಈ ಪ್ರಸಂಗವನ್ನು ಬರೆಯಲು ಇಷ್ಟು ದಿನ ತಡ ಮಾಡಿದ್ದಕ್ಕೆ ಕಾರಣ ಸಿಟ್ಟು. ಸಮಾಧಾನವಾದ ಮೇಲೆ ಬರೆಯಿರಿ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಸಮಾಧಾನ ಆಗಲೇ ಇಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಪ್ರಸನ್ನ ಸಿಡ್ನಿಯ ನಮ್ಮ ಬಡಾವಣೆ ಕೆಲ್ಲಿವಿಲ್‌ನವನೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮೈಸೂರಿನ ಹುಡುಗ, ಹುಡುಗ ಎಂದರೆ ನಲವತ್ತು ದಾಟಿದೆ, ನನ್ನ ಲೆಕ್ಕದಲ್ಲಿ ಹುಡುಗನೇ. ಐಟಿ ಕೆಲಸ. ಮನೆ ಮುಂದೆ ಆಗಲೇ ಎರಡು ಕಾರು ನಿಂತಿದ್ದವು. ಮೂರನೆಯದು ಬೇಕಾದದ್ದು ಬರೀ ಆಸೆಗೆ: ಎಪ್ಪತ್ತರ ದಶಕದ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಆಸೆ ತಪ್ಪಲ್ಲ. ನಾನೂ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದವನು, ಇಂಥ ಗಾಡಿ ಕಂಡರೆ ನನಗೂ ಕಾಲು ನಿಲ್ಲುತ್ತದೆ. ತಪ್ಪಾದದ್ದು ಅವನು ಅದನ್ನು ಕೊಂಡ ರೀತಿ.

ಒಂದು ರೈಸ್ ಕುಕ್ಕರ್ ತೆಗೆದುಕೊಳ್ಳಲು ಮೂರು ವಾರ ರಿವ್ಯೂ ಓದುವ ಮನುಷ್ಯ ಇವನು. ಆದರೆ ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಜಗದೀಶ ಎಂಬ ಬೆಂಗಳೂರಿನವರು ಹಳೆಯ ಕಾರುಗಳನ್ನು ಹೊಸದು ಮಾಡಿ ಮಾರುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಫೋನಿನಲ್ಲೇ ಮಾತಾಡಿ, ವಿಡಿಯೋ ನೋಡಿ, ಅಡ್ವಾನ್ಸ್ ಕಳಿಸಿಬಿಟ್ಟಿದ್ದ. ನನಗೆ ಹೇಳಿದ್ದು ಅದೆಲ್ಲ ಮುಗಿದ ಮೇಲೆ.

"ಅಲ್ಲೋ ಪ್ರಸನ್ನ, ಗಾಡಿ ಮುಟ್ಟಿ ನೋಡಲಾರದ ರೊಕ್ಕಾ ಕಳಿಸಿದೆಯಾ?" ಎಂದೆ.

"ಅಂಕಲ್, ನಮ್ಮವ್ರೇ ಅಲ್ವಾ? ಅಲ್ಲಿ ಕನ್ನಡ ಸಂಘದ ಊಟ ಎಲ್ಲಾ ಅವ್ರೇ ನೋಡ್ಕೊಳ್ಳೋದಂತೆ. ಇನ್‌ಸ್ಪೆಕ್ಷನ್ ಅಂದ್ರೆ ಬೇಜಾರು ಮಾಡ್ಕೊಂಡ್ರೆ ಏನ್ ಮಾಡೋದು? ಅದೂ ಅಲ್ದೆ ರಿಜಿಸ್ಟರ್ ಚೆಕ್ ಮಾಡಿದೀನಿ. ಫುಲ್ ಕ್ಲೀನ್."

ಈ ರಿಜಿಸ್ಟರ್ ವಿಷಯ ಸ್ವಲ್ಪ ಹೇಳಬೇಕು. ವಿಮಾ ಕಂಪನಿ 'ಇದು ಪೂರಾ ಹೋಯಿತು' ಎಂದು ಕೈಬಿಟ್ಟ ಗಾಡಿಗೆ ಅಮೆರಿಕದಲ್ಲಿ ಸಾಲ್ವೇಜ್ ಟೈಟಲ್ ಎಂಬ ಮುದ್ರೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಅಂಥ ಗಾಡಿಗಳ ಸರ್ಕಾರಿ ಪಟ್ಟಿ ಇದೆ, ಯಾರು ಬೇಕಾದರೂ ನಂಬರ್ ಹಾಕಿ ನೋಡಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಹದಿನೈದು ವರ್ಷ ದಾಟಿದ ಗಾಡಿ ಪುಡಿಪುಡಿಯಾದರೂ ಸಾಮಾನ್ಯವಾಗಿ ಆ ಪಟ್ಟಿಗೆ ಸೇರುವುದಿಲ್ಲ. ಐವತ್ತು ವರ್ಷದ ಕಾರು ಪಟ್ಟಿಯಲ್ಲಿ ಕ್ಲೀನ್ ಎಂದು ಬಂದರೆ ಅದಕ್ಕೆ ಅರ್ಥವೇ ಇಲ್ಲ. ಇದನ್ನು ಹೇಳಿದರೆ ಪ್ರಸನ್ನನ ಮುಖ ಸಪ್ಪಗಾಯಿತು. "ಹಾಗಾದ್ರೆ ನೀವೂ ಬನ್ನಿ ಅಂಕಲ್, ಸುಮ್ನೆ ಜೊತೆಗೆ," ಎಂದ. ಹತ್ತು ವರ್ಷದ ಮಗಳು ಮೇಘಾಳನ್ನೂ ಕರೆದುಕೊಂಡು ವಿಮಾನದಲ್ಲಿ ಹೋಗುವುದು, ಅಪ್ಪ ಮಗಳು ಇಬ್ಬರೂ ಆ ಕಾರಿನಲ್ಲೇ ಸಿಡ್ನಿಗೆ ವಾಪಸ್ ಬರುವುದು ಎಂಬ ಯೋಜನೆ. ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್, ಉದ್ದಕ್ಕೂ ಟ್ರಕ್ಕುಗಳು ನುಗ್ಗುವ ಹೈವೇ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಡ್ಯಾಂಡಿನಾಂಗ್‌ನ ಶೆಡ್ ತಲುಪಿದೆವು. ಜಗದೀಶ್ ಐವತ್ತರ ಆಸುಪಾಸಿನ ನಗುಮುಖದ ಮನುಷ್ಯ. ಒಳಗೆ ಕಡು ಹಸಿರು ಬಣ್ಣದ ಕಾರು ಕನ್ನಡಿಯಂತೆ ಹೊಳೆಯುತ್ತ ನಿಂತಿತ್ತು. ಆಗಲೇ ಪೂಜೆ ಮುಗಿದಿತ್ತು! ಬಾನೆಟ್ಟಿಗೆ ಅರಿಶಿನ ಕುಂಕುಮ, ಬಾಗಿಲುಗಳ ತುಂಬ ಚೆಂಡುಹೂವಿನ ಮಾಲೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಕೊಂಡವನು ಪೂಜೆ ಮಾಡಿಸುವುದು ನಮ್ಮಲ್ಲಿ ಪದ್ಧತಿ. ಮಾರುವವನೇ ಮುಂಚೆ ಮಾಡಿಸಿ ನಿಲ್ಲಿಸಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

"ಒಳ್ಳೆ ಮುಹೂರ್ತ ಇತ್ತು, ಅದಕ್ಕೆ ಮುಗಿಸ್ಬಿಟ್ಟೆ. ಬನ್ನಿ ಸರ್, ಮೊದ್ಲು ಊಟ," ಎಂದರು ಜಗದೀಶ್. ಶೆಡ್ಡಿನ ಹಿಂದಿನ ಮನೆಯಲ್ಲಿ ಅವರ ಹೆಂಡತಿ ಬಿಸಿಬೇಳೆ ಭಾತ್ ಬಡಿಸಿದರು. ಆ ತಾಯಿಗೆ ಈ ವಿಷಯದಲ್ಲಿ ಏನೂ ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಾನು ಉಂಡೆ. ಊಟ ಆದ ಮೇಲೆ ನನ್ನ ಜೇಬಿನಲ್ಲಿದ್ದ ಮ್ಯಾಗ್ನೆಟ್ ತೆಗೆದೆ.

ಫ್ರಿಜ್ಜಿಗೆ ಅಂಟಿಸುವ ಸಾಧಾರಣ ಮ್ಯಾಗ್ನೆಟ್ ಅದು. ಕಬ್ಬಿಣದ ತಗಡಿಗೆ ಹಿಡಿಯುತ್ತದೆ, ತೂತು ತಗ್ಗು ಮುಚ್ಚಲು ಮೆತ್ತುವ ಪುಟ್ಟಿಗೆ ಹಿಡಿಯುವುದಿಲ್ಲ. ಬಲಗಡೆ ಪೂರ್ತಿ ಹಿಡಿಯಿತು. ಎಡಗಡೆ, ಅಂದರೆ ಪಕ್ಕದಲ್ಲಿ ಕೂರುವವರ ಬಾಗಿಲ ಕೆಳಗೆ, ಚೆಂಡುಹೂವಿನ ಮಾಲೆ ಸರಿಸಿ ಇಟ್ಟೆ. ಮ್ಯಾಗ್ನೆಟ್ ಟಣ್ ಎಂದು ನೆಲಕ್ಕೆ ಬಿತ್ತು. ಇನ್ನೊಂದು ಗೇಣು ಆಚೆ ಇಟ್ಟೆ. ಮತ್ತೆ ಬಿತ್ತು.

"ಕಾರ್ಪೆಟ್ ಎತ್ತಿ ನೋಡ್ತೀನ್ರಿ," ಎಂದೆ.

"ಅಯ್ಯೋ ಸರ್, ಪೂಜೆ ಆದ್ಮೇಲೆ ಗಾಡಿ ಬಿಚ್ಬಾರ್ದು. ಒಳ್ಳೇದಲ್ಲ. ನೋಡಿ, ರೋಡ್‌ವರ್ದಿ ಸರ್ಟಿಫಿಕೇಟ್ ಇದೆ."

ರೋಡ್‌ವರ್ದಿ ಎಂದರೆ ಬ್ರೇಕು, ಟೈರು, ದೀಪ ಮತ್ತು ಹೊರಗೆ ಕಾಣುವ ಭಾಗಗಳ ತಪಾಸಣೆ. ಅಲ್ಲಿ ಯಾರೂ ಕಾರ್ಪೆಟ್ ಕಿತ್ತು ನೋಡುವುದಿಲ್ಲ. ಪ್ರಸನ್ನ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಅಂಕಲ್, ಊಟ ಮಾಡಿದೀವಿ ಅವ್ರ ಮನೇಲಿ. ಅನುಮಾನ ಪಟ್ಟ ಹಾಗಾಗತ್ತೆ." ನಾನು ತೋಳು ಬಿಡಿಸಿಕೊಂಡೆ. ಅನುಮಾನ ಪಡುವುದಕ್ಕೇ ನನಗೆ ಇಪ್ಪತ್ತೆರಡು ವರ್ಷ ಸಂಬಳ ಕೊಟ್ಟಿದ್ದಾರೆ.

ಎಡ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿದೆ. ಒಳಗೆಲ್ಲ ಹೊಸ ಕಪ್ಪು ಬಣ್ಣ. ಟಾರ್ಚ್ ಹಾಕಿ, ಸೀಟಿನ ಬ್ರಾಕೆಟ್ಟಿನ ಹಿಂದೆ ತಲೆ ತೂರಿಸಿ ನೋಡಿದೆ. ಅಲ್ಲಿ, ಬಣ್ಣದ ಗನ್ ತಲುಪದ ಮೂಲೆಯಲ್ಲಿ, ಹಳದಿ ಪೇಂಟ್ ಪೆನ್ನಿನಿಂದ ಬರೆದ ಒಂದು ಅಂಕಿ ಉಳಿದಿತ್ತು.

೭.

ಕನ್ನಡದ ಏಳು. ನನ್ನದೇ ಕೈಬರಹ.

ಇದನ್ನು ಬಿಡಿಸಿ ಹೇಳುತ್ತೇನೆ. ಅಪಘಾತವಾದ ಗಾಡಿಯ ಚೌಕಟ್ಟು ಸೊಟ್ಟಗಾಗಿದೆಯೇ ಎಂದು ತಿಳಿಯಲು ನಾವು ಅದರ ಮೇಲೆ ಗುರುತು ಹಾಕಿ, ಗುರುತಿನಿಂದ ಗುರುತಿಗೆ ಅಳೆಯುತ್ತೇವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರಿಪೇರಿಯವನು ನನ್ನ 1 ಅನ್ನು 7 ಮಾಡಿ, ಆಗದ ಕೆಲಸವನ್ನು ಆಗಿದೆ ಎಂದು ತೋರಿಸಿದ್ದ. ಅಂದಿನಿಂದ ನಾನು ಅಂಕಿಗಳನ್ನು ಕನ್ನಡದಲ್ಲೇ ಬರೆಯತೊಡಗಿದೆ. ಯಾರಿಗೂ ತಿದ್ದಲು ಬರುವುದಿಲ್ಲ. ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಗ್ಯಾರೇಜುಗಳಲ್ಲಿ ಒಬ್ಬ ಇಟಾಲಿಯನ್ ಮುದುಕ ಅದನ್ನು ನೂಡಲ್ಸ್ ಎಂದು ಕರೆಯುತ್ತಿದ್ದ. ಇಡೀ ಸಿಡ್ನಿಯಲ್ಲಿ ಹೀಗೆ ಗುರುತು ಹಾಕುತ್ತಿದ್ದವನು, ನನಗೆ ತಿಳಿದಂತೆ, ನಾನೊಬ್ಬನೇ.

ಈಗ ಎಲ್ಲವೂ ನೆನಪಾಯಿತು. 2014. ಲಿವರ್‌ಪೂಲ್‌ನ ಒಂದು ಟೋಯಿಂಗ್ ಯಾರ್ಡ್, ಅಪಘಾತವಾದ ಗಾಡಿಗಳನ್ನು ಎಳೆದು ತಂದಿಡುವ ಜಾಗ. ಆಗ ಈ ಕಾರು ಬಿಳಿ ಬಣ್ಣದ್ದು. ಎಡಮಗ್ಗುಲು ವಿದ್ಯುತ್ ಕಂಬಕ್ಕೆ ಬಡಿದು ಒಳಗೆ ಮಡಚಿಕೊಂಡಿತ್ತು. ಪಕ್ಕದ ಸೀಟಿನಲ್ಲಿದ್ದ ಹೆಂಗಸಿನ ಮುರಿದ ಕನ್ನಡಕ ಇನ್ನೂ ಕೆಳಗೆ ಬಿದ್ದಿತ್ತು. ಆಕೆ ಬದುಕಿದರು, ಆದರೆ ಮತ್ತೆ ಸರಿಯಾಗಿ ನಡೆಯಲಿಲ್ಲ ಎಂದು ಫೈಲಿನಲ್ಲಿ ಓದಿದ್ದೆ. ನಾನು ೧ರಿಂದ ೯ರವರೆಗೆ ಗುರುತು ಹಾಕಿ ಅಳೆದಿದ್ದೆ. ಬಾಗಿಲ ಕೆಳಗಿನ ಸಿಲ್, ಅಂದರೆ ಇಡೀ ಗಾಡಿಯನ್ನು ಎತ್ತಿಹಿಡಿಯುವ ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಪೂರಾ ಹೋಗಿತ್ತು.

ಹೊರಗೆ ಬಂದು ಜಗದೀಶರನ್ನು ಕೇಳಿದೆ: "ಒಳಗೊಂದು ಹಳದಿ ಗುರುತು ಐತಿ. ಏನ್ರಿ ಅದು?"

"ಅದಾ? ಫ್ಯಾಕ್ಟರಿ ಮಾರ್ಕ್ ಸರ್. ಇಂಗ್ಲೆಂಡಿಂದ ಹಾಗೇ ಬರತ್ತೆ."

"ಏನ್ರೀ, ಇಂಗ್ಲೆಂಡಿನ ಫ್ಯಾಕ್ಟರಿಯೊಳಗ ಕನ್ನಡದಾಗ ಏಳು ಬರೀತಾರೇನ್ರಿ? ಅದು ನನ್ನ ಕೈಬರಹ, ಈ ಗಾಡಿ ಅಳದಾವ ನಾನ!"

ನಾನು ಜೀವನದಲ್ಲಿ ಅಷ್ಟು ಜೋರಾಗಿ ಕೂಗಿದ್ದು ನೆನಪಿಲ್ಲ. ಬೇರೆ ಯಾರೇ ಈ ಗಾಡಿ ರಿಪೇರಿ ಮಾಡಿದ್ದರೂ ಆ ಗುರುತುಗಳನ್ನು ಗೀಚು ಎಂದುಕೊಂಡು ಬಣ್ಣ ಹೊಡೆಯುತ್ತಿದ್ದರು. ಈ ಮನುಷ್ಯ ಓದಬಲ್ಲವನು. ತನ್ನ ಭಾಷೆಯ ಅಂಕಿಗಳು ಅಲ್ಲಿರುವುದನ್ನು ನೋಡಿ, ಯಾರೋ ಕನ್ನಡದವನು ಈ ಗಾಡಿಯನ್ನು ಅಳೆದು ತೆಗೆದುಹಾಕಿದ್ದಾನೆ ಎಂದು ತಿಳಿದು, ಬೇಕೆಂದೇ ಅವುಗಳ ಮೇಲೆ ಬಣ್ಣ ಹೊಡೆದು ಮುಚ್ಚಿದ್ದ. ಆಮೇಲೆ ಅದನ್ನು ಇನ್ನೊಬ್ಬ ಕನ್ನಡದವನಿಗೇ ಮಾರಲು ಹೊರಟಿದ್ದ, ನಾವು ನಮ್ಮವರನ್ನು ತಪಾಸಣೆ ಮಾಡುವುದಿಲ್ಲ ಎಂಬ ಧೈರ್ಯದ ಮೇಲೆ. ಥೂ!

ಜಗದೀಶರ ನಗು ಹೋಯಿತು. ಆದರೆ ಅವರು ಹೆದರಲಿಲ್ಲ. ಒಳಗೆ ಹೋಗಿ ಒಂದು ಫೈಲ್ ತಂದು ನನ್ನ ಮುಂದೆ ಬಿಚ್ಚಿದರು. ಸಾಲ್ವೇಜ್ ಹರಾಜಿನಲ್ಲಿ ಗಾಡಿಯ ಜೊತೆ ಕೊಟ್ಟ ನನ್ನ ವರದಿಯ ಪ್ರತಿ.

"ರಿಪೇರಬಲ್ ಅಂತ ಬರೆದೋರು ಯಾರು ಸರ್? ಸಹಿ ನೋಡಿ. ಇದನ್ನ ನೋಡೇ ನಾನು ತಗೊಂಡಿದ್ದು. ಈಗ ನನ್ನ ಮೇಲೆ ಕೂಗಾಡಿದ್ರೆ ಹೇಗೆ?"

ಸಹಿ ನನ್ನದೇ. ಆ ಪದವೂ ನನ್ನದೇ. ಮೊದಲು ನಾನು 'ಬಿಡಿಭಾಗಗಳಿಗೆ ಮಾತ್ರ' ಎಂದು ಬರೆದಿದ್ದೆ. ಆವತ್ತು ಶುಕ್ರವಾರ ಸಂಜೆ ಮ್ಯಾನೇಜರ್ ಬಂದು, ಹಳೇ ಗಾಡಿ, ಹೇಗೂ ಪಟ್ಟಿಗೆ ಹೋಗುವುದಿಲ್ಲ, ರಿಪೇರಬಲ್ ಎಂದು ಹಾಕಿದರೆ ಹರಾಜಿನಲ್ಲಿ ಬೇಗ ಹೋಗುತ್ತದೆ ಎಂದ. ಸಂಗ್ರಹಕಾರರು ಯಾರೋ ಇಟ್ಟುಕೊಳ್ಳುತ್ತಾರೆ, ಓಡಿಸುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡು ತಿದ್ದಿದೆ. ಇನ್ನೊಬ್ಬರು ತಿದ್ದಬಾರದೆಂದು ಕನ್ನಡದಲ್ಲಿ ಅಂಕಿ ಬರೆದ ಜಾಣ, ತನ್ನ ಮಾತನ್ನು ತಾನೇ ತಿದ್ದಿಕೊಂಡಿದ್ದ.

ವರದಿಯಲ್ಲಿ ಆ ಪದ ಓದಿ ಪ್ರಸನ್ನನಿಗೆ ಆಸೆ ಮರುಕಳಿಸಿತು. "ಅಂಕಲ್, ನೀವೇ ರಿಪೇರಬಲ್ ಅಂದಿದೀರಲ್ಲ. ನಿಧಾನಕ್ಕೆ ಓಡಿಸ್ಕೊಂಡು ಹೋಗ್ತೀನಿ. ಎಂಬತ್ತು ದಾಟಲ್ಲ." ಅಷ್ಟರಲ್ಲಿ ಮೇಘಾ ಎಡಗಡೆಯ ಸೀಟಿನಲ್ಲಿ ಹತ್ತಿ ಕೂತು ಬೆಲ್ಟ್ ಹಾಕಿಕೊಂಡಾಗಿತ್ತು. "ಅಪ್ಪಾ, ಕ್ಯಾನ್ ವಿ ಗೋ ನೌ?" ಎಂದಳು.

ನನ್ನ ತಲೆ ಕೆಟ್ಟಿತು. ಶೆಡ್ಡಿನ ಗೋಡೆಗೆ ನೇತುಹಾಕಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡು ಬಂದೆ. "ಸರ್, ಗಾಡಿ ಮುಟ್ಬೇಡಿ!" ಎಂದು ಜಗದೀಶ್ ಅಡ್ಡ ಬಂದರು. ಅವರನ್ನು ಪಕ್ಕಕ್ಕೆ ಸರಿಸಿ, ಆ ಹುಡುಗಿ ಕೂತಿದ್ದ ಬಾಗಿಲ ಕೆಳಗಿನ ಸಿಲ್‌ಗೆ ಸ್ಕ್ರೂಡ್ರೈವರ್ ಇಟ್ಟು ಅಂಗೈಯಿಂದ ಒಂದೇ ಒಂದು ಏಟು ಕೊಟ್ಟೆ. ಹಿಡಿಯವರೆಗೆ ಒಳಗೆ ಹೋಯಿತು. ಎಳೆದಾಗ ತುದಿಗೆ ಹಳದಿ ಫೋಮ್ ಅಂಟಿಕೊಂಡಿತ್ತು. ಕಿಟಕಿ ಸಂದಿಗೆ ತುಂಬುವ, ಡಬ್ಬಿಯಿಂದ ಉಬ್ಬಿ ಬರುವ ಫೋಮ್. ಕಬ್ಬಿಣ ಇರಬೇಕಾದ ಕಡೆ ಅದನ್ನು ತುಂಬಿ, ಮೇಲೆ ಪುಟ್ಟಿ ಬಳಿದು, ಹಸಿರು ಬಣ್ಣ ಹೊಡೆದು, ಚೆಂಡುಹೂ ಹಾಕಿದ್ದರು.

"ನೋಡಪಾ ಪ್ರಸನ್ನ," ಎಂದೆ. "ಒಂದು ಟ್ರಕ್ ಬಾಜೂ ಬಂದು ತಾಗಿದ್ರ ನಿನ್ನ ಮಗಳಿಗೂ ಆ ಟ್ರಕ್ಕಿಗೂ ನಡುವ ಇಷ್ಟ ಇರೋದು. ಈಗ ಓಡಸ್ಕೊಂಡು ಹೋಗ್ತೀಯಾ?"

ಪ್ರಸನ್ನ ಸ್ಕ್ರೂಡ್ರೈವರಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಬೆಲ್ಟ್ ಬಿಚ್ಚಿ, ಹತ್ತು ವರ್ಷದ ಮಗಳನ್ನು ಮೂರು ವರ್ಷದ ಮಗುವಿನಂತೆ ಎತ್ತಿಕೊಂಡು ಹೊರಗೆ ಹೋದ. ಮೂವರೂ ಅವತ್ತೇ ವಿಮಾನದಲ್ಲಿ ವಾಪಸ್ ಬಂದೆವು. ನಿಂಬೆಹಣ್ಣುಗಳು ಚಕ್ರದ ಕೆಳಗೆ ಹಾಗೇ ಉಳಿದವು.

ಸೋಮವಾರ ನಾನು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸಂಬಂಧಪಟ್ಟ ಇಲಾಖೆಗೆ ಫೋಟೋ ಸಮೇತ ದೂರು ಬರೆದೆ. ಅದರ ಮೊದಲ ಸಾಲು ಇದು: ಈ ಗಾಡಿಯನ್ನು ರಿಪೇರಬಲ್ ಎಂದು ಬರೆದವನು ನಾನು, ಆ ಮಾತು ಸುಳ್ಳು. ತಪಾಸಣೆಯಾಯಿತು, ಗಾಡಿ ರಸ್ತೆಗೆ ಇಳಿಯದಂತೆ ತಡೆ ಬಿತ್ತು, ಪ್ರಸನ್ನನ ಅಡ್ವಾನ್ಸ್ ವಾಪಸ್ ಬಂತು. ನನ್ನ ಹಳೆಯ ಮ್ಯಾನೇಜರ್ ಫೋನ್ ಮಾಡಿ, ಮುಗಿದ ಕಥೆಯನ್ನು ಯಾಕೆ ಕೆದಕಿದೆ ಎಂದು ರೇಗಿದ. ಮುಗಿದಿದ್ದರೆ ಅದು ಹೂಮಾಲೆ ಹಾಕಿಕೊಂಡು ಎದುರಿಗೆ ಬಂದು ನಿಲ್ಲುತ್ತಿತ್ತೇ?

ಗಾಡಿಗಳ ಬಗ್ಗೆ ನನಗೆ ಮೊದಲೇ ಗೊತ್ತಿತ್ತು. ಈ ಪ್ರಸಂಗ ಕಲಿಸಿದ್ದು ನನ್ನ ಕೆಲಸದ ಬಗ್ಗೆ. ಯಾರದೋ ಅನುಕೂಲಕ್ಕೆಂದು ಬರೆದ ಒಂದು ಪದ ಫೈಲಿನಲ್ಲಿ ಸತ್ತುಬಿದ್ದಿರುವುದಿಲ್ಲ. ಒಂಬತ್ತು ವರ್ಷ ಬಿಟ್ಟು, ಬೇರೆ ಊರಿನಲ್ಲಿ, ಬೇರೆ ಬಣ್ಣದಲ್ಲಿ ಅದು ಯಾರದೋ ಮಗಳನ್ನು ಹತ್ತಿಸಿಕೊಳ್ಳುತ್ತದೆ. ಈಗಲೂ ಹೊಸ ಅಸೆಸರ್‌ಗಳು ಸಲಹೆ ಕೇಳಿದರೆ ಇದೊಂದನ್ನೇ ಹೇಳುತ್ತೇನೆ, ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಒಂದು ತಿಂಗಳ ಮೇಲೆ ಮೆಲ್ಬರ್ನ್‌ನ ಕನ್ನಡ ಸಂಘದ ಹಿರಿಯರೊಬ್ಬರು ಫೋನ್ ಮಾಡಿದರು. ನಮ್ಮವರ ಮೇಲೆ ನಾವೇ ದೂರು ಕೊಡೋದಾ, ಕೂತು ಮಾತಾಡಿ ಬಗೆಹರಿಸ್ಕೋಬಹುದಿತ್ತು ಎಂದರು. ಕೊನೆಗೆ, "ನೀವು ನಿಮ್ಮ ತಪ್ಪನ್ನೂ ಬರೆದ್ಕೊಂಡಿದೀರಂತೆ. ಇಷ್ಟು ವರ್ಷದ ಮರ್ಯಾದೆ ಹೋಗ್ಲಿಲ್ವಾ ಸರ್?" ಎಂದರು.

"ಹೋದ್ರ ಹೋಗ್ಲಿ ಬಿಡ್ರಿ," ಎಂದೆ. "ಹುಡುಗಿ ಅದಾಳ."