ಗಿಟಾರಿನಲ್ಲಿ ದೊಡ್ಡವರು ಯಾರು?

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಆಡುವ ಮಾತುಗಳನ್ನು ಕೇಳಿದರೆ ನಿಮಗೆ ಬೇರೆಯೇ ಅನುಮಾನ ಬರಬಹುದು. ಅದಕ್ಕೆ ಆರು ತಂತಿಗಳಿರುತ್ತವೆ ಎಂಬುದು ಗೊತ್ತು. ಹನ್ನೆರಡು ತಂತಿಯದೂ ಒಂದಿದೆ ಎಂದು ಗೊತ್ತಾದ ದಿನ ಸ್ವಲ್ಪ ಗಾಬರಿಯಾಗಿದ್ದೂ ನಿಜ. ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಎಂಟು ವರ್ಷಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಜಗತ್ತಿನ ಅತಿ ದೊಡ್ಡ ಗಿಟಾರ್ ವಾದಕ ಯಾರು ಎಂದು ವಾದ ಮಾಡುತ್ತಾ ಬಂದಿದ್ದೇನೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವನು ನಾನು. ಸರಿಯಾಗಿ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಿದರೆ ಹಿಂದಿನ ಬೆಂಚಿನವರು ನಂಬುತ್ತಾರೆ ಎಂಬುದು ನನ್ನ ವೃತ್ತಿ ಕಲಿಸಿದ ಪಾಠ.

ಆ ದೊಡ್ಡವರ ಹೆಸರುಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಬರೆದರೆ, ಬರೆಯದೆ ಬಿಟ್ಟ ನೂರು ಜನರ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ನಮ್ಮ ವಿಜಯನಗರದಲ್ಲಿ ಗಾಡಿ ನಿಲ್ಲಿಸಲು ಜಾಗ ಬೇರೆ ಇಲ್ಲ.

ವಾದ ನಡೆಯುವುದು ಆರ್‌ಪಿಸಿ ಲೇಔಟಿನ ಪಾರ್ಕಿನ ಎದುರಿಗಿರುವ ದರ್ಶಿನಿಯಲ್ಲಿ. ವಾಕಿಂಗ್ ಹೆಸರಿನಲ್ಲಿ ಮನೆಯಿಂದ ಹೊರಟು, ಪಾರ್ಕಿಗೆ ಒಂದೂವರೆ ಸುತ್ತು ಹಾಕಿ, ಮೂರು ಜನ ಆ ಎತ್ತರದ ಸ್ಟೀಲ್ ಟೇಬಲ್ಲಿನ ಸುತ್ತ ನಿಲ್ಲುತ್ತೇವೆ. ಒಬ್ಬರು ಕೆಂಪಣ್ಣ. ಮಲ್ಲತ್ತಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಯಾವುದೋ ಕಾಲದಲ್ಲಿ ಅವರ ಬಾಡಿಗೆ ಮನೆಯಲ್ಲಿದ್ದ ವಿದ್ಯಾರ್ಥಿಯೊಬ್ಬ ಖಾಲಿ ಮಾಡುವಾಗ ಒಂದು ಡಬ್ಬ ತುಂಬ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಬಿಟ್ಟುಹೋದನಂತೆ. ಎಸೆಯುವ ಮುಂಚೆ ಒಂದು ಸಲ ಕೇಳಿ ನೋಡೋಣ ಎಂದು ಹಾಕಿದ ಕೆಂಪಣ್ಣ ಇವತ್ತಿಗೂ ರಾಕ್ ಸಂಗೀತದಿಂದ ಹೊರಗೆ ಬಂದಿಲ್ಲ. ಇನ್ನೊಬ್ಬರು ಮಲ್ಲಿಕಾರ್ಜುನ, ಧಾರವಾಡದ ಕಡೆಯವರು. ಜ್ಞಾನಭಾರತಿಯ ಹತ್ತಿರ ಮನೆ, ಗ್ರಂಥಾಲಯದಲ್ಲಿ ಕೆಲಸ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಾಗ ನುಡಿಸುವವರನ್ನು ಬಿಟ್ಟರೆ ಉಳಿದವರೆಲ್ಲ ಅವರ ಲೆಕ್ಕದಲ್ಲಿ ಕಟ್ಟಿಗೆ ಒಡೆಯುವವರು. ನನ್ನ ಪಕ್ಷ ಹಳೆಯ ಕನ್ನಡ ಸಿನಿಮಾ ಹಾಡುಗಳದು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ನಾಲ್ಕೇ ಕ್ಷಣ ಬಂದು ಹೋಗುವ ಗಿಟಾರ್ ಇದೆಯಲ್ಲ, ಹೆಸರೂ ಗೊತ್ತಿಲ್ಲದ ಯಾರೋ ನುಡಿಸಿದ್ದು, ನಾನು ಅವರ ಪರ.

ಕೆಂಪಣ್ಣನ ಹತ್ತಿರ ಒಂದು ಪರೀಕ್ಷೆ ಇದೆ. ಫೋನಿನಲ್ಲಿ ಗಿಟಾರ್ ಹಾಕಿ, ಷರಟಿನ ತೋಳು ಮೇಲೆ ಸರಿಸಿ, ಮುಂಗೈಯನ್ನು ಟೇಬಲ್ಲಿನ ಮೇಲೆ ಚಾಚುತ್ತಾರೆ.

"ನೋಡಿ ಸಾರ್, ಕೂದ್ಲು ಹೆಂಗ್ ನಿಂತ್ಕೊಂಡೈತೆ ನೋಡಿ. ಇದಕ್ಕಿಂತ ಪ್ರೂಫ್ ಬೇಕಾ?"

"ಮ್ಯಾಲೆ ಫ್ಯಾನ್ ತಿರಗಾಕ್ಹತ್ತೈತ್ರೀ," ಎನ್ನುತ್ತಾರೆ ಮಲ್ಲಿಕಾರ್ಜುನ. "ಥಂಡಿಗೆ ಎದ್ದಾವ ಅವು."

ನಗುತ್ತೇವೆ. ಆದರೆ ನಿಜ ಹೇಳುತ್ತೇನೆ, ಆ ದರ್ಶಿನಿಯ ಗದ್ದಲದಲ್ಲಿ, ಟೋಕನ್ ನಂಬರ್ ಕೂಗುವವನ ದನಿಯ ನಡುವೆ, ಆ ಪುಟ್ಟ ಫೋನಿನಿಂದ ಬರುವ ಒಂದು ಸ್ವರಕ್ಕೆ ನಾನು ಎಷ್ಟೋ ಸಲ ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತಿದ್ದೇನೆ. ಮರದ ಒಂದು ಡಬ್ಬ, ಆರು ತಂತಿ, ಹತ್ತು ಬೆರಳು. ಅದರಲ್ಲಿ ಮನುಷ್ಯ ಇಷ್ಟು ಅಳಬಲ್ಲ, ಇಷ್ಟು ನಗಬಲ್ಲ ಎಂದರೆ ನಂಬುವುದು ಹೇಗೆ? ಎದುರು ಪಕ್ಷದವರ ಗಿಟಾರ್ ಕೇಳಿ ಕಣ್ಣು ಒದ್ದೆಯಾದಾಗ ಮಾತ್ರ ಸಾಂಬಾರ್ ಖಾರ ಎಂದು ಹೇಳಿ ಪಾರಾಗುತ್ತೇನೆ.

ಎಂಟು ವರ್ಷ ವಾದ ಮಾಡಿದ್ದರಿಂದ ಒಂದಿಷ್ಟು ಪಾಂಡಿತ್ಯವೂ ಅಂಟಿಕೊಂಡಿದೆ. ವೀಣೆಗೆ ಮೆಟ್ಟಿಲುಗಳಿರುವ ಹಾಗೆ ಗಿಟಾರಿನ ಕತ್ತಿನ ಮೇಲೂ ಅಡ್ಡಡ್ಡ ಲೋಹದ ಕಂಬಿಗಳಿವೆ. ಒಂದೊಂದು ಕಂಬಿಗೆ ಒಂದೊಂದು ಸ್ವರ. ಬೆರಳಿಟ್ಟರೆ ಸ್ವರ ತಪ್ಪುವ ಹಾಗಿಲ್ಲ, ಅದೊಂದು ಅನುಕೂಲ. ಆದರೆ ಎರಡು ಕಂಬಿಗಳ ನಡುವೆಯೂ ಸ್ವರಗಳಿವೆ, ಮನುಷ್ಯನ ದನಿ ಹೆಚ್ಚಾಗಿ ಓಡಾಡುವುದು ಅಲ್ಲಿಯೇ. ಹಾಗಾಗಿ ರಾಕ್‌ನವರು ತಂತಿಯನ್ನು ಪಕ್ಕಕ್ಕೆ ತಳ್ಳಿ ಆ ನಡುವಿನ ಜಾಗಕ್ಕೆ ಹೋಗುತ್ತಾರೆ. ನಮ್ಮ ಹಿಂದೂಸ್ತಾನಿಯವರು ಕಂಬಿಗಳ ಸಹವಾಸವೇ ಬೇಡವೆಂದು ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಾರೆ. ದಾರಿ ಬೇರೆ, ಹೋಗಬೇಕಾದ ಜಾಗ ಒಂದೇ. ಇದನ್ನು ನಾನು ಒಂದು ಭಾನುವಾರ ಬಹಳ ಗಂಭೀರವಾಗಿ ವಿವರಿಸಿದೆ. ಇಬ್ಬರೂ ಒಪ್ಪಿಕೊಂಡು, ಅದಾದ ಮೇಲೆ ಮತ್ತೆ ಮೊದಲಿನಿಂದ ಜಗಳ ಶುರು ಮಾಡಿದರು.

ಇಷ್ಟೆಲ್ಲ ಸಂಗೀತದ ಮಾತಾಡಿ ಮನೆಗೆ ಬಂದರೆ ಮನೆಯಲ್ಲಿ ಸಂಗೀತ ನಿಂತುಹೋಗಿತ್ತು. ನನ್ನ ಹೆಂಡತಿ ಸರೋಜ ಹಾಡುವವಳು. ದೊಡ್ಡ ಕಛೇರಿ ಕೊಡುವ ಹಾಡಲ್ಲ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ, ಸ್ಕೂಟರಿನ ಹಿಂದೆ ಕೂತಾಗ ಅವಳಿಗೆ ತಿಳಿಯದ ಹಾಗೆ ಬರುತ್ತಿದ್ದ ಹಾಡು. ಎರಡು ವರ್ಷದ ಹಿಂದೆ ಥೈರಾಯ್ಡ್ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ಮೊದಲಿನ ದನಿಯೂ ಹೋಯಿತು. ಮಾತಿಗೆ ತೊಂದರೆ ಇಲ್ಲ, ನನ್ನನ್ನು ಬೈಯುವುದಕ್ಕಂತೂ ಏನೇನೂ ತೊಂದರೆ ಇಲ್ಲ. ಹಾಡಲು ಹೋದರೆ ಮಾತ್ರ ದನಿ ಕೆಳಗೆ ಇಳಿಯುತ್ತಿತ್ತು, ನಡುವೆ ಒಡೆಯುತ್ತಿತ್ತು. ಡಾಕ್ಟರು ಹಾಡಿ, ಹಾಡುತ್ತಾ ಹೋದರೆ ದನಿ ಕೂರುತ್ತದೆ ಎಂದರು. ಅವಳು ಎರಡು ಸಲ ಪ್ರಯತ್ನಿಸಿ, "ಇದು ನನ್ ದನಿ ಅಲ್ಲ ಬಿಡಿ, ಯಾರ್ದೋ ಬೇರೆಯವರ್ದು" ಎಂದು ನಿಲ್ಲಿಸಿಬಿಟ್ಟಳು. ವರಮಹಾಲಕ್ಷ್ಮಿ ಹಬ್ಬದಲ್ಲಿ ಅಕ್ಕಪಕ್ಕದವರು ಹಾಡೆಂದರೆ ಆರತಿ ತಟ್ಟೆ ಹಿಡಿದುಕೊಂಡು ಒಳಗೆ ಹೋಗುವಳು. ನನಗೆ ಬೇಜಾರಾಗುತ್ತಿತ್ತು. ಏನು ಹೇಳಬೇಕೋ ತಿಳಿಯದೆ ನಾನು ಗಿಟಾರಿನ ಬಗ್ಗೆ ಹೇಳುತ್ತಿದ್ದೆ.

ಕಳೆದ ರಾಜ್ಯೋತ್ಸವಕ್ಕೆ ಎಂದಿನಂತೆ ನಮ್ಮ ಬಡಾವಣೆಯ ಮೈದಾನದಲ್ಲಿ ಆರ್ಕೆಸ್ಟ್ರಾ ಇತ್ತು. ಸಂಜೆ ಆರಕ್ಕೆಂದರೆ ಏಳಕ್ಕೆ ಶುರು. ನಮ್ಮಲ್ಲಿ ಒಂದು ರೂಢಿ ಇದೆ: ಆರ್ಕೆಸ್ಟ್ರಾದವರ ಹಾಡುಗಳ ನಡುವೆ ಬಡಾವಣೆಯವರೂ ಹಾಡಬಹುದು. ಒಂದು ಚೀಟಿಯಲ್ಲಿ ಹಾಡು, ಹಾಡುವವರ ಹೆಸರು, ಎಷ್ಟನೇ ಕ್ರಾಸ್ ಎಂದು ಬರೆದು ನಿರೂಪಕಿಗೆ ಕೊಟ್ಟರಾಯಿತು. ಬರೀ ಹಾಡನ್ನಷ್ಟೇ ಬರೆದುಕೊಟ್ಟರೆ ಆರ್ಕೆಸ್ಟ್ರಾದವರೇ ಹಾಡುತ್ತಾರೆ. ಸರೋಜಳ ಚೀಟಿಯನ್ನು ಪ್ರತಿ ವರ್ಷ ಬರೆಯುತ್ತಿದ್ದವನು ನಾನೇ. ಆಪರೇಷನ್ ಆದ ಮೇಲೆ ಬರೆದಿರಲಿಲ್ಲ.

ಆ ಸಂಜೆ ವೇದಿಕೆಯ ಮೂಲೆಯಲ್ಲಿ ಐವತ್ತು ದಾಟಿದ ಒಬ್ಬರು ಗಿಟಾರ್ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಮುನಿರಾಜು ಎಂದು ಹೆಸರು, ಹಗಲು ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ ಕೆಲಸ ಎಂದು ಕೆಂಪಣ್ಣ ಹೇಳಿದರು. ಮಲ್ಲಿಕಾರ್ಜುನ ಮೂಗು ಮುರಿದರು.

"ಆರ್ಕೆಸ್ಟ್ರಾದವ್ರು ಏನ್ ನುಡಸ್ತಾರ್ರೀ, ಬರೇ ಝಣ್ ಝಣ್ ಅನಸ್ತಾರ."

ನನ್ನ ಪಕ್ಷಕ್ಕೇ ಅವಮಾನವಾದಂತಾಯಿತು. ಪರೀಕ್ಷೆ ಮಾಡೇಬಿಡೋಣ ಎಂದೆ. ಆರಂಭದಲ್ಲೇ ಉದ್ದನೆಯ ಗಿಟಾರ್ ಬರುವ, ಬಹಳ ಕಷ್ಟದ ಒಂದು ಹಳೆಯ ಹಾಡು ನೆನಪಾಯಿತು. ಸ್ಕೂಟರ್ ಸೀಟಿನ ಮೇಲೆ ಚೀಟಿ ಇಟ್ಟು ಬರೆದೆ. ತಲೆ ತುಂಬ ಆ ಗಿಟಾರಿನ ತುಣುಕೇ ಇತ್ತು. ಕೆಂಪಣ್ಣ ಚೀಟಿಯನ್ನು ಕಿತ್ತುಕೊಂಡು ಓಡಿದರು.

ಮುಂದಿನ ಹಾಡಿಗೆ ನಿರೂಪಕಿ ಓದಿದಳು: "ಈಗ ನಮ್ಮೆಲ್ಲರ ಮೆಚ್ಚಿನ ಗಾಯಕಿ, ಐದನೇ ಕ್ರಾಸಿನ ಶ್ರೀಮತಿ ಸರೋಜ ಅವರಿಂದ..."

ಕೈ ರೂಢಿಯ ಪ್ರಕಾರ ಬರೆದಿತ್ತು. ಆ ಹಾಡು ಎಂದರೆ ಅವಳದು, ಅವಳು ಪ್ರತಿ ವರ್ಷ ಹಾಡುತ್ತಿದ್ದದ್ದೂ ಅದೇ. ಗಿಟಾರಿನ ಗುಂಗಿನಲ್ಲಿ ನಾನು ಹಾಡಿನ ಕೆಳಗೆ ಹೆಂಡತಿಯ ಹೆಸರನ್ನು ಬರೆದು ಕೊಟ್ಟಿದ್ದೆ.

ಮುಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕೂತಿದ್ದವಳು ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವುದಿಲ್ಲ. ಮದುವೆಯಾದವರಿಗೆ ಗೊತ್ತು, ಆಗದವರಿಗೆ ಹೇಳಿ ಪ್ರಯೋಜನವಿಲ್ಲ. ಜನ ಚಪ್ಪಾಳೆ ಶುರು ಮಾಡಿದ್ದರು. ಪಕ್ಕದ ಮನೆಯವರು ಅವಳ ಕೈ ಹಿಡಿದು ಎಬ್ಬಿಸಿಯೇಬಿಟ್ಟರು. ನಾನು ಕುರ್ಚಿಗಳ ನಡುವೆ ನುಗ್ಗಿ ವೇದಿಕೆಯ ಹತ್ತಿರ ಹೋಗುವಷ್ಟರಲ್ಲಿ ಅವಳು ಮೈಕಿನ ಮುಂದೆ ನಿಂತಿದ್ದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನನ್ನ ಜನ್ಮದಲ್ಲಿ ನಾನು ಅಷ್ಟು ನಾಚಿಕೆಪಟ್ಟ ಇನ್ನೊಂದು ಗಳಿಗೆ ಇಲ್ಲ.

ಮುನಿರಾಜು ಕತ್ತೆತ್ತಿ ಶ್ರುತಿ ಕೇಳಿದರು. "ಯಾವ ಸ್ಕೇಲ್ ಅಮ್ಮಾ?"

"ಮೊದ್ಲು ಒಂದಿತ್ತಪ್ಪ. ಆಪರೇಷನ್ ಆದ್ಮೇಲೆ ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ." ಮೈಕು ಇದ್ದದ್ದರಿಂದ ಅದು ಇಡೀ ಮೈದಾನಕ್ಕೆ ಕೇಳಿಸಿತು.

"ಪರ್ವಾಗಿಲ್ಲ. ನೀವು ಎಲ್ಲಿಂದ ಬೇಕಾದ್ರೂ ಶುರು ಮಾಡಿ. ನೀವ್ ಹೋದ ಕಡೆ ನಾನು ಬರ್ತೀನಿ."

ಆ ಕಷ್ಟದ ಆರಂಭದ ತುಣುಕನ್ನು ಅವರು ನುಡಿಸಲೇ ಇಲ್ಲ. ಅದನ್ನು ನುಡಿಸಬೇಕಾದರೆ ಅವಳು ಒಂದೇ ಶ್ರುತಿಗೆ ಕಟ್ಟುಬೀಳಬೇಕಾಗುತ್ತಿತ್ತು. ಅವಳು ಶುರು ಮಾಡಿದಳು. ಕೀಬೋರ್ಡಿನವನೂ ತಾಳದವನೂ ಸೇರಿಕೊಂಡರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲಿನಲ್ಲಿ ಏರಬೇಕಾದ ಕಡೆ ದನಿ ಏರದೆ ಒಡೆಯಿತು, ಕೆಳಗೆ ಸರಿಯಿತು. ಕೀಬೋರ್ಡ್ ಮೇಲೆ, ಅವಳು ಕೆಳಗೆ. ವೇದಿಕೆಯ ಮುಂದೆ ಕೂತಿದ್ದ ಮಕ್ಕಳು ನಕ್ಕರು. ಅವಳು ನಿಲ್ಲಿಸುತ್ತಾಳೆ, ಇನ್ನು ಎಂದೆಂದಿಗೂ ಹಾಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಮುನಿರಾಜು ಬಲಗೈ ಎತ್ತಿ ಮುಷ್ಟಿ ಹಿಡಿದರು. ಕೀಬೋರ್ಡ್ ನಿಂತಿತು, ತಾಳ ನಿಂತಿತು. ಗಿಟಾರಿನ ಒಂದೇ ತಂತಿ ಉಳಿಯಿತು. ಅವರು ತಂತಿಯನ್ನು ನೋಡುತ್ತಿರಲಿಲ್ಲ, ಅವಳ ಬಾಯನ್ನು ನೋಡುತ್ತಿದ್ದರು. ದನಿ ಜಾರಿದರೆ ಬೆರಳು ಜಾರುತ್ತಿತ್ತು. ದನಿ ಎರಡು ಕಂಬಿಗಳ ನಡುವೆ ಹೋಗಿ ನಡುಗಿದರೆ ಕೆಳಗಿನ ಕಂಬಿಯಲ್ಲಿ ಬೆರಳೊತ್ತಿ, ತಂತಿಯನ್ನು ಪಕ್ಕಕ್ಕೆ ತಳ್ಳಿ, ಅಷ್ಟೇ ನಡುಗಿಸಿ, ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಅವಳು ಎಲ್ಲಿಗೆ ಹೋದರೂ ಅಲ್ಲಿ ಆಗಲೇ ಒಬ್ಬರು ಬಂದು ಚಾಪೆ ಹಾಸಿರುತ್ತಿದ್ದರು. ತಪ್ಪು ಎಂಬುದು ತಪ್ಪಾಗಿಯೇ ಕೇಳಿಸಲಿಲ್ಲ. ಆ ಹಾಡು ಇರುವುದೇ ಹೀಗೆ ಎನ್ನಿಸಿತು. ಮಕ್ಕಳ ನಗು ನಿಂತಿತು. ಮೂರನೆಯ ಸಾಲಿನ ಹೊತ್ತಿಗೆ ಅವಳ ದನಿ ತನ್ನಷ್ಟಕ್ಕೆ ಒಂದು ಕಡೆ ಕೂತಿತು. ಮೊದಲಿಗಿಂತ ಬಹಳ ಕೆಳಗೆ, ಸ್ವಲ್ಪ ಒರಟಾಗಿ, ಆದರೆ ಗಟ್ಟಿಯಾಗಿ. ಅವರು ಅದಕ್ಕೇ ಕಾಯುತ್ತಿದ್ದರು. ಆರೂ ತಂತಿಗಳನ್ನು ಒಟ್ಟಿಗೆ ಮೀಟಿ, ಕೀಬೋರ್ಡಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಎಲ್ಲ ವಾದ್ಯಗಳೂ ಅವಳ ಹೊಸ ಜಾಗಕ್ಕೆ ಇಳಿದು ಬಂದವು.

ನಾನು ಎಂಟು ವರ್ಷ ಕೇಳಿದ ಗಿಟಾರೆಲ್ಲ ಒಂದು ಕಡೆ, ಆ ಎರಡು ನಿಮಿಷ ಒಂದು ಕಡೆ. ವೇದಿಕೆಯ ಕಂಬ ಹಿಡಿದುಕೊಂಡು ಅಳುತ್ತಿದ್ದೆ. ಖಾರದ ನೆಪ ಹೇಳೋಣವೆಂದರೆ ಅಲ್ಲಿ ಸಾಂಬಾರೂ ಇರಲಿಲ್ಲ.

ಇಳಿದು ಬರುವಾಗ ಮುನಿರಾಜು ಅವಳಿಗೆ ಹೇಳಿದ್ದು ಇಷ್ಟೇ: "ನಿಮ್ ಸ್ಕೇಲ್ ಈಗ ಎಫ್ ಅಮ್ಮಾ. ನೆನಪಿಟ್ಕೊಳಿ." ಆಮೇಲೆ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮುಂದಿನ ಕುಣಿಯುವ ಹಾಡಿಗೆ ಝಣ್ ಝಣ್ ಶುರು ಮಾಡಿದರು.

ಮುಂದಿನ ಭಾನುವಾರ ದರ್ಶಿನಿಯಲ್ಲಿ ಏನಾಯಿತೆಂದು ನೀವು ಊಹಿಸಬಹುದು.

"ಅದು ಬ್ಲೂಸ್ ಸಾರ್, ಪಕ್ಕಾ ಬ್ಲೂಸ್, ನಮ್ ರಾಕ್‌ಗೆ ತಾಯಿಬೇರು. ಆ ತಂತಿ ತಳ್ಳಿದ್ದು ನೋಡಿದ್ರಲ್ಲ?" ಎಂದರು ಕೆಂಪಣ್ಣ.

"ಮೀಂಡ್ ಅಂತಾರ್ರೀ ಅದಕ್ಕ. ನಮ್ಮ ಹಿಂದೂಸ್ತಾನಿ ಮೀಂಡ್," ಎಂದರು ಮಲ್ಲಿಕಾರ್ಜುನ. ಝಣ್ ಝಣ್ ಎಂದು ಮೂಗು ಮುರಿದಿದ್ದು ಅವರಿಗೆ ಪೂರ್ತಿ ಮರೆತುಹೋಗಿತ್ತು.

ಸಿನಿಮಾ ಹಾಡಿನವರು ನನ್ನವರು ಎಂದು ನಾನೂ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸ್ವರವನ್ನು ಸರಿಯಾಗಿ ನುಡಿಸುವುದೇ ದೊಡ್ಡದು ಎಂದುಕೊಂಡು ಇಷ್ಟು ದಿನ ಅಂಕ ಹಾಕುತ್ತಿದ್ದ ಮೇಷ್ಟ್ರು ನಾನು. ಇನ್ನೊಬ್ಬರ ತಪ್ಪು ಸ್ವರದ ಜೊತೆ ಹೋಗಿ ನಿಂತು, ಅದು ಸರಿಯಾಗುವ ತನಕ ಕಾಯುವುದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಆದರೆ ನಾನು ರಾಜ್ಯೋತ್ಸವದ ಆ ರಾತ್ರಿ ಮನೆಗೆ ನಡೆದು ಬಂದದ್ದನ್ನು ಹೇಳದೆ ದಾಟಿಬಿಟ್ಟೆ. ಬೇಕೆಂದೇ ದಾಟಿದ್ದು. ನಾನು ಸ್ಕೂಟರ್ ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆಯುತ್ತಿದ್ದೆ. ಐದನೇ ಕ್ರಾಸಿಗೆ ತಿರುಗುವಾಗ ಅವಳು ಕೇಳಿದಳು.

"ಚೀಟಿ ಯಾರು ಬರ್ದಿದ್ದು?"

"ನಾನೇ. ಕೈ ತಪ್ಪಿ ಬರ್ದ್ಬಿಟ್ಟೆ ಕಣೇ. ನಿನ್ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಗೊತ್ತು."

ಅವಳು ಗೇಟಿನ ಚಿಲಕ ತೆಗೆದಳು. ಒಳಗೆ ಒಂದು ಹೆಜ್ಜೆ ಇಟ್ಟು ನಿಂತಳು.

"ಮುಂದಿನ ವರ್ಷ ಬರೆಯೋವಾಗ ನನ್ ಹೆಸರಿನ ಪಕ್ಕ ಎಫ್ ಅಂತಾನೂ ಬರೀರಿ. ಪಾಪ ಅವ್ರಿಗೆ ಹುಡುಕೋ ಕಷ್ಟ ತಪ್ಪತ್ತೆ."