ತೂತು ಬಿದ್ದ ಕಾಫಿ ಬೀಜ

ನಮ್ಮ ಮನೆ ಮಸ್ಕಿಯಲ್ಲಿ. ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕಾಫಿಪುಡಿ ಅಂಗಡಿ ಇತ್ತು. ಚಹಾ ಕುಡಿಯುವ ಊರಲ್ಲಿ ಕಾಫಿ ಬೀಜದ ಮೂಟೆ ಬೇಗ ಕರಗುತ್ತಿರಲಿಲ್ಲ. ಮಳೆಗಾಲದಲ್ಲಿ ಹುಳ ಬೀಳುತ್ತಿತ್ತು. ಎಸೆಯಲು ಮನಸ್ಸಾಗದೆ ಕರ್ರಗೆ ಹುರಿದು, ಚಿಕೋರಿ ಬೆರೆಸಿ ಬೀಸಿಬಿಡುತ್ತಿದ್ದೆ. ಜವಳಗೇರಾ, ಲಿಂಗಸುಗೂರಿನವರು ವಾಸನೆ ಹೊಗಳಿ ಒಯ್ಯುತ್ತಿದ್ದರು. ಮನೆಗೂ ಅದನ್ನೇ ತರುತ್ತಿದ್ದೆ.

ಅಂಗಡಿ ಮುಚ್ಚಿದ ಮೇಲೆ ಪೇಟೆಯ ಪುಡಿ ಕೊಳ್ಳತೊಡಗಿದೆವು. ಹೋದ ವರ್ಷ ಒಂದು ಪೊಟ್ಟಣ ಬಿಚ್ಚಿದರೆ ಒಳಗೆ ಹುಳ ಹರಿದಾಡುತ್ತಿತ್ತು.

“ಹಸಿ ಬೀಜಾನ ತರ್ರಿ, ಮನ್ಯಾಗ ಹುರಕೊಳ್ಳೋಣು. ಕಸುಬು ನಿಮ್ಮದಾ ಐತಲ್ಲ” ಎಂದಳು ಹೆಂಡತಿ.

ತರಿಸಿದೆ. ಅವಳು ಸಂತೆಕಲ್ಲೂರಿನವಳು, ಜೋಳ ಕೇರಿದ ಹಾಗೆಯೇ ಮೊರದಲ್ಲಿ ಹಾಕಿ ಕೇರಿ, ತೂತು ಬಿದ್ದ ಬೀಜ ಆರಿಸಿ ತೆಗೆಯತೊಡಗಿದಳು.

“ಅಂಗಡ್ಯಾಗ ಇಂಥಾವು ಬರ್ತಿದ್ದಿಲ್ಲೇನ್ರಿ? ಏನ್ ಮಾಡ್ತಿದ್ರಿ?”

ಸುಳ್ಳು ಹೇಳಲಾಗಲಿಲ್ಲ. “ಹುಳದ ಸಮೇತ ಹುರದು ಬೀಸ್ತಿದ್ದೆ.”

ಅವಳ ಕೈ ನಿಂತಿತು. “ಅಯ್ಯನೋರಿಗೆ ನಾ ಕೊಟ್ಟಿದ್ದೂ ಅದಾ ಪುಡೀನಾ?”

ಪ್ರತಿ ಸೋಮವಾರ ಪಾದಪೂಜೆಗೆ ಬರುವ ಜಂಗಮರಿಗೆ, ನಮ್ಮ ಅಂಗಡಿಯದೇ ಪುಡಿ ಎಂದು ಹೆಮ್ಮೆಯಿಂದ ಕಾಫಿ ಕೊಡುತ್ತಿದ್ದವಳು ಅವಳು.

“ನೀವಾ ಹೇಳ್ರಿ ಅವ್ರಿಗೆ” ಎಂದಷ್ಟೇ ಹೇಳಿ ಎದ್ದುಹೋದಳು. ಆಮೇಲೆ ನನ್ನ ಕೈಯ ಕಾಫಿ ಮುಟ್ಟಲಿಲ್ಲ. ಬೆಳಗಿನ ಕಾಫಿಯನ್ನು ಜೊತೆಗೆ ಕೂತು ಕುಡಿಯುವುದು ಮದುವೆಯಾದಾಗಿನಿಂದ ನಮ್ಮ ರೂಢಿ. ಅದು ಮತ್ತೆ ಸಿಗದೇನೋ ಎಂಬ ಭಯ ಹಿಡಿಯಿತು.

ಭಾನುವಾರ, ಶೇಂಗಾ ಹುರಿಯುವ ಕಬ್ಬಿಣದ ಬಾಣಲಿಯಲ್ಲಿ ಆರಿಸಿದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದೆ. ಹಸಿರು ಹೋಗಿ ಹಳದಿಯಾಯಿತು, ಬೆಲ್ಲದ ಬಣ್ಣ ಬಂತು, ಚಟಪಟ ಸಿಡಿಯಿತು. ಕರ್ರಗಾಗುವ ಮೊದಲೇ ಇಳಿಸಿದೆ. ಈ ಸಲ ಕರ್ರಗೆ ಹುರಿದು ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಇಂಥ ಪರಿಮಳ ನನ್ನ ಅಂಗಡಿಯಲ್ಲಿ ಒಂದು ದಿನವೂ ಬಂದಿರಲಿಲ್ಲ.

ಸೋಮವಾರ ಅಯ್ಯನವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ನನಗಿಂತ ಹಿರಿಯರು. “ಅಲ್ಲೋ ಸಾವ್ಕಾರ, ಶಾಕಾಹಾರಿ ಅಂತ ಇಷ್ಟು ದಿನ ಬೀಗಿದ್ನಲ್ಲೋ, ಕೆಡಿಸಿಬಿಟ್ಟಿ!” ಎಂದರು. ನಗು ತಡೆಯಲಾರದೆ ಹೆಂಡತಿಯ ಕಡೆ ತಿರುಗಿ, “ಇವತ್ತಿಂದು ಹೆಂಗವ್ವಾ?” ಎಂದು ಕೇಳಿದರು.

“ನಾ ಆರಿಸೀನ್ರಿ, ಅವ್ರು ಹುರದಾರ.”

“ಹಂಗಾರ ತಾ.”

ಲೋಟ ಖಾಲಿ ಮಾಡಿಯೇ ಎದ್ದರು.

ಅವರು ಹೋದ ಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. “ನನಗೂ ಅರ್ಧ ಕಪ್ ಹಾಕ್ರಿ” ಎಂದಳು. ಹಾಕುವ ಅವಸರದಲ್ಲಿ ಸಾಸರ್‌ಗೂ ಚೆಲ್ಲಿತು. ಅದನ್ನೂ ಕುಡಿದಳು. ಅವಳ ಆ ಋಣ ನನ್ನ ಮೇಲಿದೆ. ಆದರೆ ಅಂಗಡಿಯಿಂದ ಆ ಹುಳದ ಪುಡಿ ಒಯ್ದವರನ್ನು ಈಗ ಎಲ್ಲಿ ಹುಡುಕಲಿ? ಅವರಲ್ಲಿ ಯಾರಾದರೂ ಓದಲಿ ಎಂದೇ ಇದನ್ನು ಬರೆದಿದ್ದೇನೆ.