ತಕರಾರಿನ ಸಹಿ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ‘ತಕರಾರು’ ಎಂದೇ ಕರೆಯುತ್ತಿದ್ದರು. ನಾವು ಬಾಯ್ಲರ್‌ಗೆ ಹಾಕುವ ಸೇಫ್ಟಿ ವಾಲ್ವ್ ಮಾಡುವವರು. ಒಳಗೆ ಒತ್ತಡ ಮಿತಿಮೀರಿದರೆ ಅದು ತಾನೇ ತೆರೆದು ಹಬೆ ಹೊರಗೆ ಬಿಡಬೇಕು. ಒಂದೊಂದನ್ನೂ ಪರೀಕ್ಷಿಸಿ ಪಾಸೋ ಫೇಲೋ ಹೇಳುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಲೇತ್ ಮೇಲೆ ನಾನು ಬೆವರು ಸುರಿಸಿ ಮಾಡಿದ್ದನ್ನೂ ಮುಲಾಜಿಲ್ಲದೆ ಪಕ್ಕಕ್ಕೆ ಎಸೆಯುತ್ತಿದ್ದ. ನಾನು ಅವನ ಅಕ್ಕನ ಗಂಡ, ಆದರೂ ಅಷ್ಟೇ.

“ಭಾವ, ಮನೇಲಿ ಬೇಕಾದ್ರೆ ಕಾಲಿಗೆ ಬೀಳ್ತೀನಿ. ಇಲ್ಲಿ ಇದು ಫೇಲು.”

ಅಂತರರಾಷ್ಟ್ರೀಯ ಗುಣಮಟ್ಟದ ಸರ್ಟಿಫಿಕೇಟ್ ಇದ್ದರೆ ದೊಡ್ಡ ಆರ್ಡರ್ ಬರುತ್ತದೆಂದು ಯಾರೋ ಯಜಮಾನರ ಕಿವಿಯೂದಿದರು. ಸಲಹೆಗಾರನೊಬ್ಬ ಬಂದ. ಪ್ರತಿ ಕೆಲಸಕ್ಕೊಂದು ಫಾರ್ಮ್, ಕಸದ ಬುಟ್ಟಿಗೂ ಒಂದು ನಂಬರು! ನಾವೆಲ್ಲ ಗೊಣಗಿದೆವು, ತಕರಾರು ಮಾತ್ರ ಖುಷಿಪಟ್ಟ. “ಇನ್ನಾದ್ರೂ ನನ್ನ ಮಾತು ಕೇಳ್ತಾರೆ,” ಎಂದ. ಪಾಪ.

ಎಡವಟ್ಟಾದದ್ದು ಹಳೆಯ ದಾಖಲೆಯಲ್ಲಿ. ಹಿಂದಿನ ವರ್ಷ ಒತ್ತಡ ಅಳೆಯುವ ಪ್ರೆಶರ್ ಗೇಜ್ ಕೆಟ್ಟು ರಿಪೇರಿಗೆ ಹೋಗಿ, ಮೂರು ತಿಂಗಳ ಮಾಲು ಪರೀಕ್ಷೆಯೇ ಇಲ್ಲದೆ ಹೊರಬಿದ್ದಿತ್ತು. ಅವನು ಕೂಗಾಡಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನಗಳ ಹಾಳೆಗಳನ್ನು ಅವನು ಖಾಲಿಯೇ ಬಿಟ್ಟಿದ್ದ.

“ಸರ್ಟಿಫಿಕೇಟ್ ಕೊಡೋ ಮುಂಚೆ ಆಡಿಟರ್ ಇದನ್ನೆಲ್ಲ ನೋಡೋಕೆ ಬಂದಾಗ ಖಾಲಿ ಇರಬಾರದು, ತುಂಬಿ,” ಎಂದ ಸಲಹೆಗಾರ.

“ಮಾಡದ ಟೆಸ್ಟ್ ಹೇಗೆ ಸಾರ್ ಬರೀಲಿ?”

ಯಜಮಾನರು ಮೆತ್ತಗೆ ಹೇಳಿದರು: “ನಲವತ್ತು ಜನರ ಹೊಟ್ಟೆ ಮೇಲೆ ಹೊಡೀಬೇಡಪ್ಪ.”

ಅವನ ಮನಸ್ಸು ತಿರುಗಿಸಿದವನು ನಾನು. ಹೌದು, ನಾನೇ. “ಮಾಲು ಹೋಗಿ ವರ್ಷ ಆಯ್ತು, ಏನಾಯ್ತು ಹೇಳು? ಬರೆದು ಕೈತೊಳ್ಕೋ.” ಒಂದೇ ಪೆನ್ನಾದರೆ ಅನುಮಾನ ಬರುತ್ತದೆಂದು ನಾಲ್ಕು ಪೆನ್ನು ತಂದುಕೊಟ್ಟೆ. ಎರಡು ದಿನ ನಾನು ಬಾಯಿಗೆ ಬಂದ ಅಂಕಿ ಹೇಳಿದೆ, ಅವನು ಬರೆದು ಸಹಿ ಹಾಕಿದ. ನಂಬುವಂತಿರಲಿ ಎಂದು ನಡುನಡುವೆ ಒಂದೆರಡು ಫೇಲ್ ಕೂಡ ಸೇರಿಸಿದೆವು. ಅದಕ್ಕೆ ನಕ್ಕವನು ನಾನೊಬ್ಬನೇ.

ಸರ್ಟಿಫಿಕೇಟ್ ಬಂತು. ಐದು ತಿಂಗಳ ಮೇಲೆ ಒಂದು ಲಾಂಡ್ರಿಯಲ್ಲಿ ಬಾಯ್ಲರ್ ಸಿಡಿಯಿತು. ನಮ್ಮದೇ ವಾಲ್ವ್, ಆ ಮೂರು ತಿಂಗಳದ್ದು. ಕಚ್ಚಿಕೊಂಡು ತೆರೆದೇ ಇರಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಹೆಂಗಸಿನ ಎರಡೂ ಕಣ್ಣು ಹೋದವು. ತನಿಖೆಯವರು ರಿಪೇರಿ ಅಂಗಡಿಯ ಚೀಟಿ ಮುಂದಿಟ್ಟು, ಗೇಜ್ ಇಲ್ಲದ ದಿನ ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳಿದರು. ನಮ್ಮ ಸಿಸ್ಟಂ ಸರಿಯಿದೆ, ಮನುಷ್ಯನೇ ಸರಿಯಿಲ್ಲ ಎಂದು ಯಜಮಾನರು ಕೈಕೊಡವಿಕೊಂಡರು. ಹಾಳೆಯಲ್ಲಿದ್ದದ್ದು ಒಂದೇ ಸಹಿ. ನಾನು ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಕೆಲಸ ಹೋಯಿತು, ಕೇಸಾಯಿತು. ಅವನು ಒಮ್ಮೆಯೂ ನನ್ನನ್ನು ದೂರಲಿಲ್ಲ. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೋರ್ಟಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಇಷ್ಟೇ ಹೇಳಿದ:

“ಖಾಲಿ ಬಿಟ್ಟಿದ್ರೆ ಆಡಿಟರ್ ಯಾಕೆ ಅಂತ ಕೇಳ್ತಿದ್ದ, ಭಾವ. ಆ ಮಾಲೆಲ್ಲಾ ವಾಪಸ್ ತರಿಸ್ತಿದ್ರು. ಆಯಮ್ಮನಿಗೆ ಕಣ್ಣಿರ್ತಿತ್ತು.”

ಒಳಗಿನಿಂದ ಅವನ ಹೆಸರು ಕೂಗಿದರು. ಅವನು ಎದ್ದು ಹೋದ. ನಾನು ಕೂತಲ್ಲೇ ಕೂತಿದ್ದೆ.